ಗೋಡೆಗೆ ಒಗ್ಗದ ಸೀತಮ್ಮ



ಸಿರುಗುಪ್ಪದ ನಮ್ಮ ಹೊಸ ಮನೆಗೆ ಹೋದ ತಿಂಗಳು ಬಳ್ಳಾರಿಯಿಂದ ನಾದಿನಿ ಬಂದಿದ್ದಳು. ಉಡುಗೊರೆಯೆಂದು ತಂದದ್ದು ಚೌಕಟ್ಟು ಹಾಕಿಸಿದ ಹಳೆಯ ತೊಗಲುಗೊಂಬೆ. ಅಶೋಕವನದ ಸೀತೆ, ಗಿಡ, ಗಿಡದ ಮೇಲೆ ಹನುಮಪ್ಪ, ಎಲ್ಲ ಒಂದೇ ತೊಗಲಿನಲ್ಲಿ. ನಮ್ಮವರು ಮೊಳೆ, ಸುತ್ತಿಗೆ ಹಿಡಿದು ನಿಂತೇಬಿಟ್ಟರು. “ತಡೀರಿ” ಎಂದವಳು ನಾನೇ. ಗೋಡೆಗೆ ಹಿಡಿದರೆ ಸೀತಮ್ಮ ಬಾಡಿದ ಎಲೆಯ ಹಾಗೆ ಮಂಕಾಗಿ ಕಂಡಳು. ನಾದಿನಿಯ ಮುಖವೂ ಸಪ್ಪಗಾಯಿತೆನ್ನಿ.

ನನ್ನ ತವರು ಕುರುಗೋಡು. ಮಳೆ ಕೈಕೊಟ್ಟ ವರ್ಷ ಗೊಂಬೆಯಾಟ ಆಡಿಸಿದರೆ ಮಳೆ ಬರುತ್ತದೆಂದು ಹಿರಿಯರು ಕಿಳ್ಳೇಕ್ಯಾತರನ್ನು ಕರೆಸುತ್ತಿದ್ದರು. ಪರದೆಗೆ ಅಪ್ಪನ ಬಿಳಿ ಧೋತರ ಕೊಟ್ಟ ಅವ್ವ, ಮರುದಿನ ಅದನ್ನು ಒಗೆಯುವಾಗ ಗೊಣಗುತ್ತಿದ್ದಳು.

ಈ ಜನಕ್ಕೆ ಚಿತ್ರ ಬರೆಯುವುದನ್ನು ಯಾವ ಶಾಲೆಯೂ ಕಲಿಸಲಿಲ್ಲ. ಆಡಿನ ಚರ್ಮ ನೆನೆಹಾಕಿ, ಕೂದಲು ಹೆರೆದು, ಎಳೆದು ಕಟ್ಟಿ ಒಣಗಿಸಬೇಕು. ಬೆಳಕು ಆಚೆಯಿಂದ ಈಚೆ ಹಾಯುವಷ್ಟು ತೆಳುವಾಗಬೇಕು. (ನನ್ನ ಹಪ್ಪಳ ಅಷ್ಟು ತೆಳುವಾದರೆ ಎಷ್ಟು ಚೆನ್ನ!) ಆಮೇಲೆ ಗೆರೆ, ಬಣ್ಣ, ಉಳಿಯಿಂದ ಕೊರೆದ ಸಣ್ಣ ಸಣ್ಣ ತೂತು. ವಂಕಿ, ಡಾಬು, ಸೀರೆಯ ಅಂಚು ಮಿನುಗುವುದು ಆ ತೂತುಗಳಿಂದಲೇ. ರಾಜ ದೊಡ್ಡವ, ಸೇವಕ ಚಿಕ್ಕವ. ಪುಸ್ತಕ ನೋಡಿ ಬರೆದದ್ದಲ್ಲ ಇದು. ಅಜ್ಜ ಹಾಡಿದ ಕಥೆಯಲ್ಲಿ ಸೀತೆ ಹೇಗಿದ್ದಳೋ ಹಾಗೆ. ಮನೆಯಲ್ಲಿ ಮರಾಠಿ ಬೆರೆತ ಮಾತು, ಪರದೆಯ ಹಿಂದೆ ಮಾತ್ರ ಅಚ್ಚ ಕನ್ನಡ!

ನಮ್ಮ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ತೊಗಲುಗೊಂಬೆಗೆ ತಂದವರು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಪಡೆದ ಆ ಹಿರಿಯರು 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಂಬತ್ತು ದಾಟಿದ ಮೇಲೆ. ಇನ್ನಷ್ಟು ಮೊದಲೇ ಬರಬಾರದಿತ್ತೇ?

ಆಡಿ ಆಡಿ ಹರಿದ ಗೊಂಬೆಯನ್ನು ತಿಪ್ಪೆಗೆ ಎಸೆಯದೆ ಹೊಳೆಗೆ ಬಿಡುವ ರೂಢಿ ಇವರದು. ನಮ್ಮ ಮನೆಗೆ ಬಂದ ಈ ಸೀತಮ್ಮ ಹೊಳೆಗೂ ಸೇರಲಿಲ್ಲ, ಪರದೆಯ ಮೇಲೂ ಉಳಿಯಲಿಲ್ಲ. ಯಾವ ಮನೆಯವರು, ಯಾವ ಅಡಚಣೆಗೆ, ಎಷ್ಟಕ್ಕೆ ಮಾರಿದರೋ! ಅಂಗಡಿಯವ ಕೊಟ್ಟ ಚೀಟಿಯಲ್ಲಿ ಬೆಲೆ ಇತ್ತು, ಬರೆದವರ ಹೆಸರಿರಲಿಲ್ಲ.

ಸಂಜೆ ಚೌಕಟ್ಟಿನ ಹಿಂದಿನ ಹಲಗೆ ಬಿಚ್ಚಿ, ಮನೆಯ ದೀಪವೆಲ್ಲ ಆರಿಸಿ, ಗೊಂಬೆಯ ಹಿಂದೆ ಬ್ಯಾಟರಿ ಹಿಡಿದೆ. ಸೀತಮ್ಮನ ಮೂಗುತಿ ಫಳ್ಳೆಂದಿತು. ಸೀರೆ ಕೆಂಪಗೆ ಉರಿಯಿತು. ನಾದಿನಿ ಮಾತೇ ಆಡಲಿಲ್ಲ, ಕೊನೆಗೆ “ಅತ್ತಿಗೇ, ಇನ್ನೊಮ್ಮೆ” ಎಂದಳು.

ಮೊಳೆ ಇನ್ನೂ ಕಪಾಟಿನಲ್ಲೇ ಇದೆ. ಹಬ್ಬಕ್ಕೆ ಹೊಸ ಗೊಂಬೆ ಕೊಳ್ಳುವುದಾದರೆ ಮಾಡಿದವರ ಕೈಯಿಂದಲೇ ಕೊಳ್ಳುತ್ತೇನೆಂದು ಹೇಳಿ ನಾದಿನಿ ಬಳ್ಳಾರಿಗೆ ಹೋಗಿದ್ದಾಳೆ. ಅವರ ಮನೆ ಹುಡುಕಿ, ನನಗೂ ವಿಳಾಸ ಬರೆಯುತ್ತಾಳಂತೆ.