ಏಜೆಂಟರ ಕೈಗೆ ಹಣ ಕೊಡುವ ಮುನ್ನ



ವಿಜಯವಾಡದ ಆಟೋನಗರ್‌ನಲ್ಲಿ ಲಾರಿ ಬಾಡಿ ಕಟ್ಟುವವರಿಗೆ, ಮೆಕ್ಯಾನಿಕ್‌ಗಳಿಗೆ ಇಡ್ಲಿ, ಕಾಫಿ ಕೊಡುತ್ತಾ ಬಂದವರು ನಾವು. ನಮ್ಮ ಗಲ್ಲಾದ ಮುಂದೆ ಎಣ್ಣೆಯವರು, ಕಾಫಿ ಪುಡಿಯವರು, ತುಪ್ಪದವರು ದಿನವೂ ನಿಲ್ಲುತ್ತಾರೆ. ಮುಖ ನೋಡಿ ಹಣ ಕೊಡುವುದು ನಮ್ಮೆಲ್ಲರ ವಾಡಿಕೆ. ಅದರಿಂದಲೇ ನಾವು ಕೈ ಸುಟ್ಟುಕೊಂಡೆವು.

ಎಣ್ಣೆ ಕಂಪನಿಯೊಂದರ ಕಮಿಷನ್ ಏಜೆಂಟ್ ವರ್ಷಗಟ್ಟಲೆ ನಮ್ಮಲ್ಲಿಗೆ ಬರುತ್ತಿದ್ದ. ಒಂದು ದಸರೆಗೆ ಮುಂಚೆ, ರೇಟು ಏರುತ್ತದೆಂದು ಹೇಳಿ 40 ಟಿನ್ನಿಗೆ ಮುಂಗಡ ಪಡೆದು, ಕಂಪನಿಯ ಬಿಲ್ ಪುಸ್ತಕದಲ್ಲೇ ರಸೀದಿ ಹರಿದುಕೊಟ್ಟ. ಟಿನ್ ಬರಲಿಲ್ಲ. ಫೋನ್ ಮಾಡಿದರೆ, "ಅವನನ್ನು ತೆಗೆದು ಎರಡು ತಿಂಗಳಾಯಿತು, ನಮಗೆ ಸಂಬಂಧವಿಲ್ಲ" ಎಂದರು. ಹಣೆಬರಹವೆಂದು ಸುಮ್ಮನಾದೆವು. ನಾಲ್ಕು ವರ್ಷದ ಮೇಲೆ, ತಿಂಡಿಗೆ ಬರುವ ವಕೀಲರೊಬ್ಬರು ರಸೀದಿ ನೋಡಿ, "ಆಗಲೇ ತೋರಿಸಬೇಕಿತ್ತು ಸ್ವಾಮಿ, ದಾವೆ ಹಾಕುವ ಮೂರು ವರ್ಷದ ಅವಧಿ ಮುಗಿಯಿತು" ಎಂದರು.

ನಾವು ಓದಿದ್ದು ಹತ್ತನೇ ತರಗತಿ. ಅವರು ತಿಳಿಸಿದ್ದನ್ನು ತಿಳಿದಷ್ಟು ಬರೆಯುತ್ತೇವೆ. 1872ರ ಭಾರತೀಯ ಕರಾರು ಕಾಯ್ದೆಯ 182ರಿಂದ 238ರವರೆಗಿನ ಕಲಮುಗಳು ಏಜೆಂಟರ ವಿಷಯದ್ದು. ಏಜೆಂಟ್ ತನ್ನ ಅಧಿಕಾರದೊಳಗೆ ಮಾಡಿದ ವ್ಯವಹಾರ ಮಾಲೀಕನೇ ಮಾಡಿದಂತೆ (ಕಲಂ 226). ಅವನನ್ನು ತೆಗೆದರೂ, ಅದು ನಮಗೆ ತಿಳಿಯುವ ತನಕ ನಮ್ಮ ಮಟ್ಟಿಗೆ ಅವನ ಅಧಿಕಾರ ಮುಗಿಯುವುದಿಲ್ಲ (ಕಲಂ 208). ನಮಗೊಂದು ಮಾತು ತಿಳಿಸದ ಕಂಪನಿಯನ್ನು ನಾವು ಕೇಳಬಹುದಿತ್ತು. ಕೇಳಲಿಲ್ಲ.

ಇನ್ನೊಂದು ವಿಷಯ. ಸರಕನ್ನು ತಾನೇ ಕೊಂಡು ತನ್ನ ಬಿಲ್ಲಿನಲ್ಲಿ ಮಾರುವ ಡಿಸ್ಟ್ರಿಬ್ಯೂಟರ್ ಸಾಮಾನ್ಯವಾಗಿ ಏಜೆಂಟ್ ಅಲ್ಲ, ಸ್ವತಂತ್ರ ವ್ಯಾಪಾರಿ. ಅವನಿಗೆ ಕೊಟ್ಟ ಮುಂಗಡವನ್ನು ಕಂಪನಿಯಿಂದ ಕೇಳುವುದು ಕಷ್ಟ. ಆದ್ದರಿಂದ ಬಿಲ್ ಯಾರ ಹೆಸರಿನಲ್ಲಿದೆ ಎಂದು ಮೊದಲು ನೋಡಿ.

ಈ ಕಾನೂನು ನಮ್ಮ ಮೇಲೂ ತಿರುಗುತ್ತದೆ. ಮದುವೆ ಆರ್ಡರ್ ಹಿಡಿದುಕೊಡುವ ಕಮಿಷನ್ ಹುಡುಗ ನಮ್ಮ ಕಾರ್ಡು ಕೊಟ್ಟು ಎಲೆಗೆ ಎರಡು ಸಿಹಿ ಎಂದು ಒಪ್ಪಿದರೆ, ಬಡಿಸಬೇಕಾದವರು ನಾವೇ. "ಅವನು ನಮ್ಮವನಲ್ಲ" ಎಂದರೆ ಆ ಎಣ್ಣೆ ಕಂಪನಿಗೂ ನಮಗೂ ಏನು ವ್ಯತ್ಯಾಸ?

ನಮ್ಮ ಅಭಿಪ್ರಾಯ ಇಷ್ಟು. ಏಜೆಂಟರಿಂದ ಕಂಪನಿಯ ಅಧಿಕಾರ ಪತ್ರ ಕೇಳಿ. ಹಣ ಕಂಪನಿಯ ಖಾತೆಗೇ ಹೋಗಲಿ. ಏಜೆಂಟ್ ತನ್ನ ಮೊಬೈಲಿನ ಕ್ಯೂಆರ್ ಕೋಡ್ ತೋರಿಸಿದರೆ ಬೇಡವೆನ್ನಿ. ಏಜೆಂಟ್ ಬದಲಾದರೆ ಬರವಣಿಗೆಯಲ್ಲಿ ತಿಳಿಸಬೇಕೆಂದು ಸಂಘವು ಎಲ್ಲ ಕಂಪನಿಗಳಿಗೆ ಪತ್ರ ಬರೆಯಲಿ. ಆ ಹಳೆಯ ರಸೀದಿ ಇನ್ನೂ ನಮ್ಮ ಗಲ್ಲಾದಲ್ಲಿದೆ. ಹೊಸದಾಗಿ ಹೋಟೆಲ್ ಹಾಕುವ ಹುಡುಗರಿಗೆ ತೋರಿಸಲು ಇಟ್ಟುಕೊಂಡಿದ್ದೇವೆ.