ಮೊದಲು ದಿಡ್ಡಿ ಬಾಗಿಲು, ಆಮೇಲೆ ಕ್ಯಾಮೆರಾ



ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ನೀವೆಲ್ಲ ಶಾಲೆಯ ಪ್ರವಾಸದಲ್ಲಿ ಒಮ್ಮೆಯಾದರೂ ಗೋಲ್ಕೊಂಡ ಕೋಟೆ ಹತ್ತಿರುತ್ತೀರಿ. ಫತೇ ದರ್ವಾಜಾದ ಗುಮ್ಮಟದ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಸುಮಾರು ಒಂದು ಕಿಲೋಮೀಟರು ದೂರದ ಬಾಲಾ ಹಿಸಾರಿನಲ್ಲಿ ಕೇಳಿಸುವುದನ್ನು ಗೈಡ್ ತೋರಿಸಿರುತ್ತಾನೆ. ಆನೆಗಳು ಗುದ್ದದಂತೆ ಬಾಗಿಲಿಗೆ ಬಡಿದ ಕಬ್ಬಿಣದ ಮುಳ್ಳುಗಳನ್ನೂ ನೋಡಿರುತ್ತೀರಿ. ಇಷ್ಟೆಲ್ಲ ಇದ್ದ ಕೋಟೆಗೆ 1687ರಲ್ಲಿ ಔರಂಗಜೇಬ ಎಂಟು ತಿಂಗಳು ಮುತ್ತಿಗೆ ಹಾಕಿದ. ತೋಪುಗಳಿಂದ ಆಗದ ಕೆಲಸ ಕೊನೆಗೆ ಲಂಚದಿಂದ ಆಯಿತು. ಒಳಗಿನ ಸರದಾರ ಅಬ್ದುಲ್ಲಾ ಖಾನ್ ಪನ್ನಿ ರಾತ್ರಿ ಹೊತ್ತು ಒಂದು ಬಾಗಿಲು ತೆಗೆಸಿದ, ಕೋಟೆ ಹೋಯಿತು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿರಬಹುದು. ದಿಡ್ಡಿ ಬಾಗಿಲು ಎಂದರೆ ಕೋಟೆಯ ಹೆಬ್ಬಾಗಿಲಲ್ಲ, ಯಾರೂ ಹೆಚ್ಚು ಗಮನ ಕೊಡದ ಪುಟ್ಟ ಬಾಗಿಲು. ಸಂಘದ ಕಾರ್ಯಕ್ರಮಗಳಲ್ಲಿ ನಿಮ್ಮಲ್ಲಿ ಹಲವರು ನನ್ನನ್ನು ಕೇಳುವುದುಂಟು: "ಆಂಟಿ, ಹೊಸ ಫ್ಲಾಟಿಗೆ ಯಾವ ಕ್ಯಾಮೆರಾ ಹಾಕಿಸಲಿ?" ಅದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ. ನಿಮ್ಮ ಮನೆಯ ದಿಡ್ಡಿ ಬಾಗಿಲು ಯಾವುದು? ಅದು ತಿಳಿದರೆ ಅರ್ಧ ಖರ್ಚು ಉಳಿಯುತ್ತದೆ.

ಮೊದಲು ಬಾಗಿಲಿನ ವಿಚಾರ. ಕ್ಯಾಮೆರಾ ಕಳ್ಳನನ್ನು ನೋಡುತ್ತದೆ ಅಷ್ಟೆ, ತಡೆಯುವುದು ಬಾಗಿಲು. ಕಾಚಿಗುಡ, ಬರ್ಕತ್‌ಪುರ, ನಲ್ಲಕುಂಟದ ಹಳೆಯ ಮನೆಗಳಲ್ಲಿ ಹೊರಗಿನ ಕೊಂಡಿಗೆ ದಪ್ಪ ಬೀಗ ತಗುಲಿಸಿ ಹೋಗುವ ರೂಢಿ ಇದೆ. (ನಿಮ್ಮ ಮನೆತನ ಬೀದರ್, ಕಲಬುರಗಿ ಕಡೆಯದಾದರೆ ಅದು ಕೀಲಿ, ಮೈಸೂರು ಕಡೆಯದಾದರೆ ಬೀಗ, ನಿಮ್ಮ ತೆಲುಗು ಗೆಳೆಯರಿಗೆ ತಾಳಂ.) ಬೀಗ ಎಷ್ಟೇ ಗಟ್ಟಿಯಿದ್ದರೂ ಸಲಾಕೆ ಹಾಕಿ ಮೀಟಿದರೆ ಮೊದಲು ಕಿತ್ತು ಬರುವುದು ಕೊಂಡಿ. ಅದಲ್ಲದೆ ಹೊರಗೆ ತೂಗಾಡುವ ಬೀಗ "ಮನೆಯಲ್ಲಿ ಯಾರೂ ಇಲ್ಲ" ಎಂದು ಬೋರ್ಡು ಬರೆದು ಹಾಕಿದ ಹಾಗೆ. ಬಾಗಿಲಿನ ಒಳಗೇ ಕೂರಿಸಿದ ಬೀಗ ಇದಕ್ಕಿಂತ ಮೇಲು. ಅದನ್ನು ಹಾಕಿಸುವಾಗ ಬೀಗದ ನಾಲಿಗೆ ಹೋಗಿ ಕೂರುವ ಚೌಕಟ್ಟಿನ ತಗಡನ್ನು ನೋಡಿ. ಅದನ್ನು ಎರಡು ಚಿಕ್ಕ ಸ್ಕ್ರೂಗಳಲ್ಲಿ ನಿಲ್ಲಿಸಿದ್ದರೆ ಒಂದು ಒದೆತಕ್ಕೆ ಬರುತ್ತದೆ. ಉದ್ದನೆಯ ಸ್ಕ್ರೂ ಹಾಕಿಕೊಡು ಎಂದರೆ ಬಡಗಿಗೆ ಅದು ಹತ್ತು ನಿಮಿಷದ ಕೆಲಸ.

ಆಮೇಲೆ ಮನೆಯನ್ನು ಒಂದು ಸುತ್ತು ಹಾಕಿ. ಬಟ್ಟೆ ಒಣಗಿಸುವ ಬಾಲ್ಕನಿಯ ಬಾಗಿಲು, ಬಚ್ಚಲಿನ ಗಾಜಿನ ಪಟ್ಟಿಗಳು, ಮೆಟ್ಟಿಲಿಗೆ ಹತ್ತಿರದ ಕಿಟಕಿ, ಇವೇ ನಮ್ಮ ದಿಡ್ಡಿ ಬಾಗಿಲುಗಳು. ಜಾರುವ ಬಾಗಿಲಾದರೆ ಅದರ ಹಳಿಯಲ್ಲಿ ಅಳತೆಗೆ ಕತ್ತರಿಸಿದ ಒಂದು ಕೋಲು ಇಟ್ಟರೆ ಸಾಕು, ಹೊರಗಿನಿಂದ ಸರಿಸಲಾಗದು. ಗ್ರಿಲ್ ಹಾಕಿಸುವವರು ಒಂದು ಭಾಗ ಒಳಗಿನಿಂದ ತೆರೆಯುವಂತೆ ಮಾಡಿಸಿ. ಬೆಂಕಿ ಬಿದ್ದಾಗ ಅದೇ ಗ್ರಿಲ್ ನಿಮಗೆ ಸೆರೆಮನೆ ಆಗಬಾರದು.

ಎರಡನೆಯದು ಕೀಲಿಕೈಗಳ ಲೆಕ್ಕ. ಬಾಡಿಗೆ ಮನೆಯವರಿಗೆ ಇದು ಎಲ್ಲಕ್ಕಿಂತ ಮುಖ್ಯ. ನಿಮಗಿಂತ ಮುಂಚೆ ಇದ್ದವರು, ಬ್ರೋಕರು, ಬಣ್ಣ ಹಚ್ಚಿದವರು, ಇವರಲ್ಲಿ ಯಾರ ಹತ್ತಿರ ಇನ್ನೊಂದು ಕೀಲಿಕೈ ಉಳಿದಿದೆಯೋ ಬಲ್ಲವರಾರು? ಮನೆಯ ಮಾಲೀಕರಿಗೆ ಹೇಳಿ, ಬೀಗದ ಸಿಲಿಂಡರ್ ಮಾತ್ರ ಬಿಚ್ಚಿಸಿ ನಿಮ್ಮದನ್ನು ಹಾಕಿಸಿ. ಹಳೆಯದನ್ನು ಜೋಪಾನವಾಗಿಟ್ಟು, ಮನೆ ಬಿಡುವಾಗ ಮೊದಲಿದ್ದಂತೆ ಕೂರಿಸಿ ಕೊಟ್ಟರೆ ಯಾರಿಗೂ ಬೇಸರವಿಲ್ಲ, ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಲು ಕಾರಣವೂ ಇಲ್ಲ. ಒಂದು ಮಾತು ನೆನಪಿರಲಿ. ಗೋಲ್ಕೊಂಡದ ಬಾಗಿಲು ತೆಗೆಸಿದವನು ಸರದಾರನೇ ಹೊರತು ಕಸ ಗುಡಿಸುವವಳಲ್ಲ. ಏನು ಕಳೆದರೂ ಮೊದಲು ಕೆಲಸದವಳ ಮುಖ ನೋಡುವ ಚಾಳಿ ನಿಮ್ಮ ತಲೆಮಾರಿಗೆ ಬೇಡ. ಕೀಲಿಕೈ ಎಷ್ಟಿವೆ, ಯಾರ ಬಳಿ ಇವೆ ಎಂದು ಬರೆದಿಟ್ಟರೆ ಯಾರನ್ನೂ ಸುಮ್ಮನೆ ಅನುಮಾನಿಸಬೇಕಾಗಿಲ್ಲ.

ಮೂರನೆಯದು ಸದ್ದು ಮಾಡುವ ಸಾಧನ. ಬಾಗಿಲಿನ ಸೆನ್ಸರ್ ಎಂದರೆ ಎರಡು ತುಂಡು. ಒಂದು ಅಯಸ್ಕಾಂತ, ಇನ್ನೊಂದು ಅದರ ಸೆಳೆತಕ್ಕೆ ಸ್ಪಂದಿಸುವ ಪುಟ್ಟ ಸ್ವಿಚ್ಚು. ಬಾಗಿಲು ತೆರೆದು ಇವು ದೂರವಾದ ಕೂಡಲೇ ಗಂಟೆ ಬಾರಿಸುತ್ತದೆ. ಅಂಟುಪಟ್ಟಿಯಲ್ಲಿ ನಿಲ್ಲುವುದರಿಂದ ಗೋಡೆ ಕೊರೆಯಬೇಕಿಲ್ಲ, ಮನೆ ಬದಲಿಸುವಾಗ ಕಿತ್ತು ಒಯ್ಯಬಹುದು. ಓಡಾಟ ಗುರುತಿಸುವ ಇನ್ನೊಂದು ಬಗೆಯ ಸೆನ್ಸರ್ ಮೈಶಾಖದ ಚಲನೆಯನ್ನು ಹಿಡಿಯುತ್ತದೆ. ಬೆಕ್ಕು ಇರುವ ಮನೆಯಲ್ಲಿ ಅದು ರಾತ್ರಿಯೆಲ್ಲ ಕೂಗಿಕೊಂಡರೆ ಮೂರನೇ ದಿನ ನೀವೇ ಆರಿಸುತ್ತೀರಿ. ಕೊಳ್ಳುವ ಮೊದಲು ಒಂದು ವಿಚಾರ ಮಾಡಿ: ಇದು ಕೂಗಿದಾಗ ಬರುವವರು ಯಾರು? ಗೋಲ್ಕೊಂಡದ ಚಪ್ಪಾಳೆಗೆ ಬೆಲೆ ಬಂದದ್ದು ಬೆಟ್ಟದ ಮೇಲೆ ಅದನ್ನು ಕೇಳುವ ಕಿವಿ ಇದ್ದುದರಿಂದ. ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲದಿದ್ದರೆ ಎಂಥ ಸೈರನ್ ಇದ್ದರೇನು? ಅಪಾರ್ಟ್‌ಮೆಂಟಿನ ವಾಚ್‌ಮನ್ ಮತ್ತು ಅವನ ಹೆಂಡತಿಯ ಹೆಸರು, ಫೋನ್ ನಂಬರು ನಿಮ್ಮಲ್ಲಿರಲಿ, ನಿಮ್ಮದು ಅವರಲ್ಲಿರಲಿ. ತುರ್ತಿಗೆ 112 ಇದ್ದೇ ಇದೆ. ಆದರೆ ಎದುರು ಮನೆಯವರು ಅದಕ್ಕಿಂತ ಬೇಗ ಬರುತ್ತಾರೆ.

ಕಡೆಯದು ಕ್ಯಾಮೆರಾ. ಇದನ್ನು ಮನೆಗೆ ತಂದವಳು ಒಬ್ಬ ಹೆಂಗಸು ಎಂದು ನಿಮಗೆ ಗೊತ್ತೆ? ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸ್, ಹೊತ್ತಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬಳೇ ಇರಬೇಕಾಗಿ ಬಂದಾಗ ಯೋಚಿಸಿ, ಗಂಡನ ಜೊತೆ ಸೇರಿ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಳು, 1969ರಲ್ಲಿ ಸಿಕ್ಕಿತು. ಬಾಗಿಲಿನಲ್ಲಿ ಬೇರೆ ಬೇರೆ ಎತ್ತರಕ್ಕೆ ಇಣುಕುಗಂಡಿಗಳು, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಒಳಗೆ ಟಿ.ವಿ. ಪರದೆ, ಬಂದವರೊಡನೆ ಮಾತಾಡಲು ಮೈಕು. ಅವಳ ಕ್ಯಾಮೆರಾ ನೋಡಿದ್ದು ಹೊರಗೆ, ಬಾಗಿಲಲ್ಲಿ ಬಂದು ನಿಂತವರನ್ನು. ಇದನ್ನು ಮರೆಯಬೇಡಿ.

ಸ್ವಂತ ಮನೆಯವರು ವೈರು ಎಳೆಸಿ, ರೆಕಾರ್ಡ್ ಮಾಡುವ ಪೆಟ್ಟಿಗೆ ಇಡಿಸಬಹುದು. ಆದರೆ ಅದನ್ನು ಟಿ.ವಿ. ಪಕ್ಕದಲ್ಲಿಡಬೇಡಿ, ಕಳ್ಳ ಅದನ್ನೂ ಎತ್ತಿಕೊಂಡು ಹೋಗುತ್ತಾನೆ. ಬಾಡಿಗೆಯವರಿಗೆ ವೈಫೈ ಕ್ಯಾಮೆರಾ ಅಥವಾ ಬಾಗಿಲ ಬೆಲ್ಲಿನಲ್ಲೇ ಇರುವ ಕ್ಯಾಮೆರಾ ಸಾಕು. ಕರೆಂಟು ಹೋದಾಗ ರೌಟರ್ ಕೂಡ ಇನ್ವರ್ಟರ್ ಮೇಲೆ ಓಡುತ್ತದೆಯೇ ನೋಡಿಕೊಳ್ಳಿ. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಅದೇ ದಿನ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ವೈರಸ್ ಪಾಸ್‌ವರ್ಡ್ ಬದಲಿಸದ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳೊಳಗೆ ನುಗ್ಗಿತ್ತು. ನಮ್ಮ ದೇಶದಲ್ಲಿ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ, ಅಂಗಡಿಯಲ್ಲಿ ಅದನ್ನು ಕೇಳಿ ಕೊಳ್ಳಿ. ಹೈದರಾಬಾದ್ ಪೊಲೀಸರು "ನೇನು ಸೈತಂ" ಎಂಬ ಯೋಜನೆಯಲ್ಲಿ ಕಾಲೊನಿಯವರೇ ಹಣ ಕೂಡಿಸಿ ಬೀದಿಗೆ ಕ್ಯಾಮೆರಾ ಹಾಕುವಂತೆ ಮಾಡಿದ್ದು ಒಳ್ಳೆಯ ಮೇಲ್ಪಂಕ್ತಿ. ಹತ್ತು ಫ್ಲಾಟಿಗೆ ಹತ್ತು ಅಗ್ಗದ ಕ್ಯಾಮೆರಾಗಳಿಗಿಂತ ಗೇಟಿಗೆ ಒಂದು ಒಳ್ಳೆಯದು ಲೇಸು.

ಇನ್ನು ಚಿನ್ನ. ಅದಕ್ಕೆ ಮನೆಗಿಂತ ಬ್ಯಾಂಕಿನ ಲಾಕರೇ ಸರಿ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಳವು, ಬೆಂಕಿ, ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ. ಮನೆಯ ಸಾಮಾನಿಗೆ ಬಾಡಿಗೆಯವರೂ ವಿಮೆ ಮಾಡಿಸಬಹುದು. 2021ರಲ್ಲಿ ಬಂದ ಭಾರತ್ ಗೃಹ ರಕ್ಷಾ ಪಾಲಿಸಿ ಬೆಂಕಿ, ಪ್ರವಾಹಗಳಿಗೆ ಸರಿ, ಆದರೆ ಸಾಮಾನ್ಯ ಮನೆಗಳ್ಳತನಕ್ಕೆ ಬೇರೆ ಪಾಲಿಸಿ ಬೇಕು. ಕೇಳಿ ತಿಳಿದು ಸಹಿ ಮಾಡಿ.

ಸಂಕ್ರಾಂತಿಗೆ ಅರ್ಧ ಹೈದರಾಬಾದು ಊರಿಗೆ ಹೊರಡುತ್ತದೆ. ಹೋಗುವವರು ಠಾಣೆಗೆ ತಿಳಿಸಿ ಹೋಗಿ ಎಂದು ಪೊಲೀಸರು ಪ್ರತಿವರ್ಷ ಹೇಳುತ್ತಾರೆ, ತಿಳಿಸಿ. ಧನುರ್ಮಾಸದಲ್ಲಿ ಸಾಲಾಗಿ ಎಲ್ಲ ಬಾಗಿಲಲ್ಲೂ ಮುಗ್ಗು ಇದ್ದು ನಿಮ್ಮ ಬಾಗಿಲು ಮಾತ್ರ ಬೋಳಾಗಿದ್ದರೆ ಕಳ್ಳನಿಗೆ ಬೇರೆ ಗುರುತು ಬೇಕೆ? ಪೇಪರು, ಹಾಲು ನಿಲ್ಲಿಸಿ. ಎರಡೆಳೆ ರಂಗೋಲಿ ಹಾಕಲು ಪಕ್ಕದವರಿಗೆ ಹೇಳಿ. ಪ್ರವಾಸದ ಫೋಟೋಗಳನ್ನು ವಾಪಸು ಬಂದ ಮೇಲೆ ಹಾಕಿದರೂ ಲೈಕು ಕಡಿಮೆಯಾಗುವುದಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ನಿಮ್ಮಲ್ಲಿ ಎಷ್ಟೋ ಜನ ಆಫೀಸಿಗೆ ಹತ್ತಿರವೆಂದು ಗಚ್ಚಿಬೌಲಿ, ಕೊಂಡಾಪುರದಲ್ಲಿ ಬಾಡಿಗೆಗಿದ್ದೀರಿ; ಕೆಲವರು ಸಮುದ್ರದಾಚೆ ಇದ್ದೀರಿ. ಅಪ್ಪ ಅಮ್ಮ ಹಳೆಯ ಮನೆಯಲ್ಲಿ ಇಬ್ಬರೇ. ಅವರ ಚಿಂತೆಯಿಂದಲೇ ಕ್ಯಾಮೆರಾ ಹಾಕಿಸುತ್ತೀರಿ, ನನಗೆ ಗೊತ್ತು. ನನ್ನ ಪರಿಚಯದ ಹಿರಿಯರೊಬ್ಬರು, ಮಗ ಹಾಲಿನಲ್ಲಿ ಕ್ಯಾಮೆರಾ ಹಾಕಿಸಿದ ಮೇಲೆ ಮಧ್ಯಾಹ್ನ ಅಡುಗೆಮನೆಯಲ್ಲಿ ಚಾಪೆ ಹಾಸಿ ಮಲಗುತ್ತಾರೆ. "ಅಲ್ಲಿ ಮಲಗಿದರೆ ನಿದ್ದೆಯಲ್ಲಿ ಸೆರಗು ಸರಿದರೂ ಅವನಿಗೆ ಕಾಣುತ್ತದಲ್ಲ" ಎಂದರು. ಮಗನಿಗೆ ಇದನ್ನು ಅವರು ಹೇಳಿಲ್ಲ, ಹೇಳುವುದೂ ಇಲ್ಲ. ಕಾಳಜಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ತಾಯಂದಿರಿಗೆ ಕಷ್ಟ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2025ರಲ್ಲಿ ಕಲ್ಕತ್ತಾ ಹೈಕೋರ್ಟು, ಒಂದೇ ಮನೆಯಲ್ಲಿರುವವರ ಒಪ್ಪಿಗೆಯಿಲ್ಲದೆ ಅವರು ವಾಸಿಸುವ ಭಾಗದಲ್ಲಿ ಕ್ಯಾಮೆರಾ ನಡೆಸುವಂತಿಲ್ಲ ಎಂದಿತು. ನ್ಯಾಯಾಲಯ ಹೇಳುವ ತನಕ ನಾವು ಕಾಯಬೇಕೆ? ಹಿರಿಯರನ್ನು ಕೇಳಿ ಹಾಕಿಸಿ. ಕೆಲಸದವಳಿಗೂ ಕ್ಯಾಮೆರಾ ಇದೆಯೆಂದು ಹೇಳಿ. ಬಾಗಿಲು ನೋಡುವಂತೆ ತಿರುಗಿಸಿ, ಅಮ್ಮನನ್ನು ನೋಡುವಂತಲ್ಲ.

ಅವರಿಗೆ ನಿಜವಾಗಿ ಬೇಕಾದದ್ದು ಅದಕ್ಕಿಂತ ಅಗ್ಗದ್ದು. ವೈರಿಲ್ಲದ ಕಾಲಿಂಗ್ ಬೆಲ್ ಒಂದನ್ನು ತನ್ನಿ. ಒತ್ತುವ ಗುಂಡಿ ಅಪ್ಪನ ಹಾಸಿಗೆಯ ಪಕ್ಕದಲ್ಲಿರಲಿ, ಗಂಟೆ ಎದುರು ಮನೆಯಲ್ಲಿರಲಿ. ಕಳ್ಳ ಬಂದರೂ ಅದೇ, ರಾತ್ರಿ ಎದೆ ನೋವು ಬಂದರೂ ಅದೇ. ಅದನ್ನು ಕೂರಿಸಲು ಹೋದಾಗ ಎದುರು ಮನೆಯವರ ಜೊತೆ ಕೂತು ಒಂದು ಕಪ್ ಚಹಾ ಕುಡಿದು ಬನ್ನಿ. ಈ ಭಾನುವಾರವೇ ಆದರೆ ಒಳ್ಳೆಯದು.