ಅಸಲಿ ಅಂದರೆ ಸಾಕೆ?

ಮಾಯಾ ಜನರ ಚಿತ್ರದ ಮಡಕೆಯನ್ನು ಕಂಡವರೆಲ್ಲ ಮೊದಲು ಕೇಳುವುದು ಒಂದೇ: ‘ಇದು ಅಸಲಿಯೋ ನಕಲಿಯೋ?’ ನನಗೆ ಈ ಪ್ರಶ್ನೆಯ ಮೇಲೆಯೇ ಸಿಟ್ಟು. ಇದು ಕೊಳ್ಳುವವನ ಪ್ರಶ್ನೆ.

ಗ್ವಾಟೆಮಾಲಾ, ಬೆಲೀಜ್, ಮೆಕ್ಸಿಕೋಗಳ ಕಡೆ ಸಾವಿರದ ಇನ್ನೂರು, ಮುನ್ನೂರು ವರ್ಷಗಳ ಹಿಂದೆ ತಿಗರಿಯಿಲ್ಲದೆ ಕೈಯಲ್ಲೇ ಕಟ್ಟಿ, ಬಣ್ಣದ ತಿಳಿಮಣ್ಣಿನಲ್ಲಿ ಚಿತ್ರ ಬರೆದು ಸುಟ್ಟ ಪಾತ್ರೆಗಳು ಇವು. ಕಂಠದ ಸುತ್ತ ಅಕ್ಷರಗಳ ಸಾಲು. ಅದು ಸತ್ತವರಿಗಾಗಿ ಹೇಳುವ ಮಂತ್ರವಿರಬೇಕೆಂದು 1973ರಲ್ಲಿ ಮೈಕೆಲ್ ಕೋ ಎಂಬ ವಿದ್ವಾಂಸರು ಊಹಿಸಿದ್ದರು. ಕೊನೆಗೆ ಓದಿ ನೋಡಿದರೆ, ಇದು ಇಂಥವರ ಪಾತ್ರೆ, ಕೋಕೋ ಕುಡಿಯುವುದಕ್ಕೆ ಅಂತ! ನಾವು ಸ್ಟೀಲ್ ಡಬ್ಬಿಯ ಮೇಲೆ ಹೆಸರು ಕೊರೆಸುತ್ತೇವಲ್ಲ, ಹಾಗೆ.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ ಇಂಥದೊಂದು ಪಾತ್ರೆಯಿದೆ. ಅದರಲ್ಲಿ ಒಬ್ಬ ಹೆಂಗಸು ನಿಂತು, ನಾವು ಕಾಫಿ ಎತ್ತಿ ಹೊಯ್ಯುವಂತೆ, ಕೋಕೋವನ್ನು ಮೇಲಿನಿಂದ ಸುರಿದು ನೊರೆ ಬರಿಸುತ್ತಿದ್ದಾಳೆ. ಎಂಥ ಕೈ! ಆದರೆ ಆ ಪಾತ್ರೆ ಯಾರ ಸಮಾಧಿಯಲ್ಲಿತ್ತು, ಪಕ್ಕದಲ್ಲಿ ಏನೇನಿತ್ತು? ಅಗೆದವರು ಬರೆದಿಡಲಿಲ್ಲ.

ಪರೀಕ್ಷೆಗಳೇನೋ ಇವೆ. ಮಡಕೆಯಿಂದ ಚಿಟಿಕೆ ಮಣ್ಣು ಕೊರೆದು ಕಾಯಿಸಿದರೆ ಅದು ಸೂಸುವ ಬೆಳಕಿನಿಂದ ಎಂದು ಸುಟ್ಟದ್ದೆಂದು ಅಂದಾಜು ಹೇಳಬಹುದು. ಹಳೆಯ ಮಾಸಿದ ಮಡಕೆಗೆ ಯಾರೋ ಹೊಸ ಚಿತ್ರ ಬರೆದರೂ ಈ ಪರೀಕ್ಷೆಯಲ್ಲಿ ಅದು ಪಾಸು! ಆ ಮೋಸ ಹಿಡಿಯಲು ಅತಿನೇರಳೆ ದೀಪ ಬೇಕು. ಎಲ್ಲ ಪಾಸಾಗಿ ಸರ್ಟಿಫಿಕೇಟು ಸಿಕ್ಕಿತೆನ್ನಿ, ಬೆಲೆ ಏರುತ್ತದೆ. ಆ ಬೆಲೆಯ ಸುದ್ದಿ ಕೇಳಿಯೇ ಇನ್ನೊಬ್ಬ ಗುದ್ದಲಿ ಹಿಡಿದು ಕಾಡಿಗೆ ಹೋಗುತ್ತಾನೆ. ಅವನಿಗೆ ಪುಡಿಗಾಸು, ಬಾಕಿಯೆಲ್ಲ ದಲ್ಲಾಳಿಗೆ.

ಗ್ವಾಟೆಮಾಲಾದ ರಿಯೋ ಅಸುಲ್ ಕಳ್ಳರು ಸೂರೆ ಮಾಡಿದ ಜಾಗ. ಅವರ ಕಣ್ಣು ತಪ್ಪಿಸಿ ಉಳಿದ ಸಮಾಧಿಯೊಂದನ್ನು 1984ರಲ್ಲಿ ಪುರಾತತ್ತ್ವಜ್ಞರು ತೆರೆದಾಗ, ತಿರುಗಿಸಿ ತೆಗೆಯುವ ಮುಚ್ಚಳದ ಮಡಕೆ ಸಿಕ್ಕಿತು. ಅದರ ಮೇಲೆ ಕೋಕೋ ಎಂಬ ಬರಹ. ತಳದಲ್ಲಿ ಅಂಟಿದ್ದನ್ನು ಹರ್ಷೀ ಚಾಕೊಲೇಟ್ ಕಂಪನಿಯ ಪ್ರಯೋಗಾಲಯದಲ್ಲಿ ನೋಡಿದರೆ ಅದೂ ಕೋಕೋವೇ. ಆ ಮಡಕೆಗೆ ಯಾರ ಸರ್ಟಿಫಿಕೇಟೂ ಬೇಕಾಗಲಿಲ್ಲ. ಮಾರಾಟಕ್ಕೆಂದು ತಿಕ್ಕಿ ತೊಳೆದ ಮಡಕೆಯಲ್ಲಿ ಆ ಚೂರು ಸಿಕ್ಕುತ್ತಿತ್ತೆ?

ಕದ್ದ ಮಡಕೆಗಳನ್ನೂ ನೋಡಿದ್ದರಿಂದಲೇ ಆ ಅಕ್ಷರ ಓದಲು ಬಂತು ಎನ್ನುತ್ತಾರೆ. ಒಪ್ಪಿದೆ. ಹಾಗಂತ ಮುಂದೆಯೂ ಕೊಳ್ಳಬೇಕೆ? ಪೆಟೆನ್ ಪ್ರಾಂತದ ಇಂಥ ವಸ್ತುಗಳನ್ನು ತರಕೂಡದೆಂದು ಅಮೆರಿಕ 1991ರಲ್ಲೇ ನಿರ್ಬಂಧ ಹಾಕಿತು. ಇನ್ನು ಸಂಗ್ರಹಾಲಯಗಳು ಕಾಲ, ಶೈಲಿ ಬರೆಯುವ ಚೀಟಿಯಲ್ಲಿ ‘ಎಲ್ಲಿ, ಯಾರು ಅಗೆದರೋ ದಾಖಲೆಯಿಲ್ಲ’ ಎಂಬುದನ್ನೂ ಬರೆಯಲಿ, ಅದೂ ದಪ್ಪಕ್ಷರದಲ್ಲಿ.